ಅಜ್ಜಿ ಕಲಿತ ಹಿಂದಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಸೂರತ್‌ನ ಅಡಾಜಣ್‌ನಲ್ಲಿದ್ದ ಅಕ್ಕನ ಫ್ಲ್ಯಾಟು ಮೂರನೆಯ ಮಹಡಿಯಲ್ಲಿತ್ತು ಎಂದು ನನ್ನ ನೆನಪು. ನಾಲ್ಕನೆಯದು ಎಂದು ಅಕ್ಕ ಹೇಳುತ್ತಾಳೆ. ದಿನಾ ಮೆಟ್ಟಿಲು ಹತ್ತಿದವಳು ಅವಳು, ಆದ್ದರಿಂದ ನಾಲ್ಕೇ ಇರಬೇಕು. ಆ ವರ್ಷಗಳಲ್ಲಿ ನಾನು ದಿನಚರಿ ಬರೆಯುತ್ತಿದ್ದೆ, ಈಗಲೂ ಬರೆಯುತ್ತೇನೆ. ಆದರೆ ಹಳೆಯ ಪುಸ್ತಕ ತೆರೆದಾಗಲೆಲ್ಲ ಒಂದೇ ತೊಂದರೆ. ನನಗೆ ನೆನಪಿರುವುದು ಅದರಲ್ಲಿಲ್ಲ, ಅದರಲ್ಲಿರುವುದು ನನಗೆ ನೆನಪಿಲ್ಲ. ಯಾವುದನ್ನು ನಂಬಬೇಕೆಂದು ತಿಳಿಯದೆ ಎರಡನ್ನೂ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿತ್ತು. ವಡೋದರಾದಲ್ಲಿ ಮಕ್ಕಳ ಬೆಳವಣಿಗೆಯ ವಿಷಯದಲ್ಲಿ ಎಂ.ಎಸ್‌ಸಿ. ಮುಗಿಸಿ ಅಹಮದಾಬಾದಿನ ಒಂದು ಸಣ್ಣ ಕೇಂದ್ರಕ್ಕೆ ಸೇರಿದ್ದೆ. ಬಂಗಲೆಯೊಂದರ ಕೆಳಗಿನ ಎರಡು ಕೋಣೆ, ನಾಲ್ಕು ಜನ ಟೀಚರು. ಆಟಿಸಂ ಇರುವ ಮಕ್ಕಳಿಗೆ ಮಾತುಕತೆ ಕಲಿಸುವುದು ನನ್ನ ಕೆಲಸ. ಯಾರಾದರೂ ಕೇಳಿದರೆ ಅಮ್ಮ, ‘ಮಾತು ಬರದ ಮಕ್ಕಳಿಗೆ ಮಾತು ಕಲಿಸ್ತಾಳೆ’ ಎನ್ನುತ್ತಿದ್ದಳು. ಅದು ಪೂರ್ತಿ ಸರಿಯಲ್ಲ. ನನ್ನ ಹತ್ತಿರ ಬರುತ್ತಿದ್ದ ಹಲವು ಮಕ್ಕಳಿಗೆ ಮಾತು ಬರುತ್ತಿತ್ತು. ಒಬ್ಬನಂತೂ ಅಹಮದಾಬಾದಿನಿಂದ ಸೂರತ್‌ವರೆಗಿನ ಸ್ಟೇಷನ್ನುಗಳನ್ನು ಒಂದೂ ಬಿಡದೆ ಹೇಳುತ್ತಿದ್ದ. ‘ನಿನ್ನ ಚಪ್ಪಲಿ ಎಲ್ಲಿ?’ ಎಂದು ಕೇಳಿದರೆ ಮಾತ್ರ ಉತ್ತರವಿರಲಿಲ್ಲ. ಮಾತು ಇತ್ತು, ಅದು ಇನ್ನೊಬ್ಬರ ಕಡೆ ತಿರುಗುತ್ತಿರಲಿಲ್ಲ.

ನಾವು ಮಾತುಕತೆಯನ್ನು ತುಂಡು ತುಂಡು ಮಾಡಿ ಕಲಿಸುತ್ತಿದ್ದೆವು. ಹೆಸರು ಕರೆದರೆ ತಿರುಗುವುದು, ಕೇಳಿದ್ದಕ್ಕೆ ಉತ್ತರ ಕೊಡುವುದು, ಎದುರಿನವರು ಮುಗಿಸುವವರೆಗೆ ಕಾಯುವುದು, ಕೊನೆಗೆ ತಿರುಗಿ ಕೇಳುವುದು. ಸರದಿ ಗೊತ್ತಾಗಲೆಂದು ದಾರ ಮುಗಿದ ಮರದ ಬಾಬಿನ್ ಒಂದನ್ನು ಇಟ್ಟುಕೊಂಡಿದ್ದೆವು. ಅದು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು, ಮಾತಾಡಿ ದಾಟಿಸಬೇಕು. ತಿರುಗಿ ಕೇಳುವುದು ಎಲ್ಲಕ್ಕಿಂತ ಕಷ್ಟ. ಉತ್ತರ ಕೊಟ್ಟರೆ ಬಿಸ್ಕತ್ತು ಸಿಗುತ್ತದೆ, ಹಾಗಾಗಿ ಉತ್ತರ ಕೊಡಲು ಮಗುವಿಗೆ ಒಂದು ಕಾರಣವಿದೆ. ‘ನೀವು ಹೇಗಿದ್ದೀರಿ?’ ಎಂದು ಕೇಳಬೇಕಾದರೆ ಎದುರಿನವರು ಹೇಗಿದ್ದಾರೆಂಬುದು ಅದಕ್ಕೆ ಬೇಕಾಗಿರಬೇಕು. ಬಿಸ್ಕತ್ತು ಕೊಟ್ಟು ಅದನ್ನು ಹೇಗೆ ಕಲಿಸುವುದೆಂದು ನನಗೆ ತಿಳಿದಿರಲಿಲ್ಲ.

ಗುಜರಾತಿಯಲ್ಲಿ ‘ಕೇಮ್ ಛೋ?’ ಎಂದು ಕೇಳಿದರೆ ‘ಮಜಾಮಾ’ ಎನ್ನುತ್ತಾರೆ. ಹೇಗಿದ್ದೀರಿ, ಚೆನ್ನಾಗಿದ್ದೀನಿ. ನಾವು ಕಲಿಸುತ್ತಿದ್ದ ಮೊದಲ ಜೋಡಿ ಅದು. ಒಂದು ಬೆಳಿಗ್ಗೆ ಒಂದು ಮಗು ಬಂದು ಕುಳಿತುಕೊಂಡಿತು. ಕಣ್ಣಲ್ಲಿ ನೀರು, ಮುಖ ಕೆಂಪು. ನಾನು ಅಭ್ಯಾಸದಂತೆ ‘ಕೇಮ್ ಛೋ?’ ಎಂದೆ. ಅದು ‘ಮಜಾಮಾ’ ಎಂದಿತು. ಹಾಳೆಯಲ್ಲಿ ಸರಿ ಗುರುತು ಹಾಕಿ ಆಮೇಲೆ ಹಣೆ ಮುಟ್ಟಿ ನೋಡಿದೆ, ಸುಡುತ್ತಿತ್ತು. ಮೊದಲು ಹಣೆ ಮುಟ್ಟಿ ಆಮೇಲೆ ಗುರುತು ಹಾಕಿದೆನೋ ಏನೋ. ಹಾಗಿದ್ದರೆ ಇನ್ನೂ ಕೆಟ್ಟದ್ದು.

ಅಕ್ಕನ ಮಗಳಿಗೂ ಆಟಿಸಂ ಎಂದು ಗೊತ್ತಾದಾಗ ನಾನು ಆ ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಅವಳಿಗೆ ನಾಲ್ಕು ತುಂಬಿ ಐದು ನಡೆಯುತ್ತಿತ್ತು. ಭಾವನದು ಕುಂದಾಪುರದ ಕಡೆಯ ಕುಟುಂಬ. ಸೂರತ್‌ನ ಆಚೆ, ಸಚಿನ್ ಎಂಬ ಊರಿನ ಕಾರ್ಖಾನೆಗಳ ನಡುವೆ ಇಡ್ಲಿ ದೋಸೆಯ ಹೋಟೆಲು ನಡೆಸುತ್ತಿದ್ದರು. ಬೆಳಗಿನ ಪಾಳಿಯವರು ಬರುವ ಮೊದಲೇ ಅವರು ಅಲ್ಲಿರಬೇಕಿತ್ತು. ಮನೆಯಲ್ಲಿ ಅಕ್ಕ, ಮಗು, ಭಾವನ ತಾಯಿ. ನಾನು ಅವರನ್ನು ಅತ್ತೆ ಎಂದು ಕರೆಯುತ್ತಿದ್ದೆ. ಆದರೆ ಈ ಬರಹದಲ್ಲಿ ಅವರನ್ನು ಅಜ್ಜಿ ಎನ್ನುತ್ತೇನೆ. ಮಗು ಅವರನ್ನು ಹಾಗೆ ಕರೆಯುತ್ತಿತ್ತು, ನಾನು ತಡೆಯುವವರೆಗೆ.

ಶನಿವಾರ ಬೆಳಿಗ್ಗೆ ಅಹಮದಾಬಾದಿನಲ್ಲಿ ರೈಲು ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ಅಡಾಜಣ್. ಭಾನುವಾರ ಸಂಜೆ ವಾಪಸು. ಎರಡು ದಿನ ನಾನು ಮಗುವಿಗೆ ಪಾಠ ಮಾಡುತ್ತಿದ್ದೆ, ವಾರದ ಉಳಿದ ದಿನಗಳಿಗೆ ಅಕ್ಕನಿಗೆ ಪಟ್ಟಿ ಬರೆದುಕೊಟ್ಟು ಹೋಗುತ್ತಿದ್ದೆ. ಮಗುವಿಗೆ ಆಗ ಕೆಲವು ಮಾತುಗಳು ಬರುತ್ತಿದ್ದವು, ಎಲ್ಲವೂ ಕೇಳಿಸಿಕೊಂಡ ಹಾಗೇ. ಬಾಯಾರಿದರೆ ಅಜ್ಜಿಯ ಮುಂದೆ ನಿಂತು ‘ನೀರ್ ಬೇಕಾ?’ ಎನ್ನುತ್ತಿದ್ದಳು. ಅಜ್ಜಿ ಕೇಳುವ ರಾಗದಲ್ಲೇ, ಕೊನೆಗೆ ಅಷ್ಟೇ ಎಳೆದು. ‘ಬೇಕ್ ಮಗಾ, ಕೊಡ್’ ಎಂದು ಅಜ್ಜಿ ತಮಾಷೆ ಮಾಡಿ ತಾವೇ ಎದ್ದು ನೀರು ಕೊಡುತ್ತಿದ್ದರು. ಅವಳಿಗೆ ಬಾಯಾರಿದೆ ಎಂದು ಅಜ್ಜಿಗೆ ಅರ್ಥವಾಗುತ್ತಿತ್ತು, ಅಜ್ಜಿಗೆ ಅರ್ಥವಾಗಿದೆ ಎಂದು ಅವಳಿಗೂ ಗೊತ್ತಿತ್ತು. ಕೇಂದ್ರದ ಭಾಷೆಯಲ್ಲಿ ಅದು ಪ್ರಶ್ನೆಯನ್ನೇ ಕೋರಿಕೆಯ ಜಾಗದಲ್ಲಿ ಬಳಸುವ ದೋಷ. ಅದನ್ನು ತಿದ್ದಬೇಕೆಂದು ನಾನು ದಿನಚರಿಯಲ್ಲಿ ಬರೆದಿದ್ದೇನೆ. ಅಡಿಗೆರೆಯೂ ಇದೆ.

ನಮ್ಮ ಕೇಂದ್ರದ ಮೇಡಮ್‌ಗೆ ಮಗುವಿನ ವಿಷಯ ಹೇಳಿದೆ. ಮನೆಯಲ್ಲಿ ಎಷ್ಟು ಭಾಷೆ ಎಂದು ಕೇಳಿದರು. ನಾನು ಎಣಿಸಿದೆ. ಮನೆಯವರದು ಕನ್ನಡ, ಟಿವಿಯದು ಹಿಂದಿ, ನೆರೆಯವರದು ಗುಜರಾತಿ, ಸೇರಿಸಬೇಕೆಂದಿರುವ ಶಾಲೆಯದು ಇಂಗ್ಲಿಷ್. ಒಂದು ಭಾಷೆಯೇ ಕಷ್ಟವಾಗಿರುವ ಮಗುವಿಗೆ ನಾಲ್ಕು ಯಾಕೆ, ಒಂದು ಇಟ್ಟುಕೊಂಡು ಉಳಿದದ್ದು ಬಿಡಿಸಿ ಎಂದರು. ಆಗ ಎಲ್ಲರೂ ಹಾಗೇ ಹೇಳುತ್ತಿದ್ದರು. ನಮಗೆ ಅದು ನಿಯಮದಂತೆ ಇತ್ತು, ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಹಿಂದಿ ಎಂದು ನಿರ್ಧಾರವಾಯಿತು. ನಿರ್ಧಾರ ಮಾಡಿದವಳು ನಾನು. ಪಾಠದ ಕಾರ್ಡುಗಳು ಹಿಂದಿಯಲ್ಲಿ ತಯಾರಿದ್ದವು ಎಂಬುದು ಒಂದು ಕಾರಣ. ಬೇರೆ ಕಾರಣಗಳೂ ಇದ್ದಿರಬಹುದು, ಈಗ ಹೊಳೆಯುತ್ತಿಲ್ಲ.

ಭಾನುವಾರ ಭಾವ ಮನೆಗೆ ಊಟಕ್ಕೆ ಬಂದಿದ್ದಾಗ ಹೇಳಿದೆ. ಇನ್ನು ಮುಂದೆ ಮಗು ಇರುವ ಕಡೆ ಹಿಂದಿ ಮಾತ್ರ. ಅವಳ ಜೊತೆಗಷ್ಟೇ ಅಲ್ಲ, ಅವಳ ಕಿವಿಗೆ ಬೀಳುವಂತೆ ಯಾರೂ ಕನ್ನಡ ಆಡಬಾರದು.

ಭಾವ ನಕ್ಕರು. “ಹೋಟ್ಲಲ್ಲಿ ಇಡೀ ದಿನ ಹಿಂದಿ, ಮನೆಗ್ ಬಂದ್ರೂ ಹಿಂದಿ. ಕನಸಾದ್ರೂ ಕನ್ನಡದಲ್ಲಿ ಕಾಂಬುಕೆ ಅಡ್ಡಿಲ್ಯಾ?”

“ತಮಾಷೆ ಅಲ್ಲ ಭಾವ.”

“ಇಲ್ಲ ಮಾರಾಯ್ತಿ, ನೀ ಓದಿದವ್ಳು. ಹೇಳಿದ್ ಹಾಗೆ ಮಾಡುವ.”

ಅಜ್ಜಿ ಅನ್ನಕ್ಕೆ ಸಾರು ಕಲಸುತ್ತಿದ್ದವರು ಕೈ ನಿಲ್ಲಿಸಿದರು. “ನಾನೆಂತ ಮಾಡ್ಕ್? ನಂಗ್ ಹಿಂದಿ ಬತ್ತಿಲ್ಲೆ.”

“ಸ್ವಲ್ಪ ದಿನ ಅಷ್ಟೇ ಅತ್ತೆ,” ಎಂದೆ. “ಅವಳಿಗೆ ಒಂದು ಭಾಷೆ ಗಟ್ಟಿಯಾಗ್ಲಿ. ಆಮೇಲೆ ಕನ್ನಡ ಕಲಿಸಿದ್ರಾಯ್ತು.”

“ಸ್ವಲ್ಪ ದಿನ ಅಂದ್ರೆ?”

“ಆರು ತಿಂಗಳು.”

“ಅಷ್ಟ್ ದಿನ ನಾನ್ ಬಾಯಿಗ್ ಬೀಗ ಹಾಕಂಡ್ ಕೂಕಂಬ್ದಾ?”

ಅಕ್ಕ ನಡುವೆ ಬಂದಳು. “ಹಾಗಲ್ಲ ಅತ್ತೆ, ನೀವೂ ನಾಲ್ಕು ಮಾತು ಹಿಂದಿ ಕಲೀರಿ. ತರಕಾರಿಯವನ ಹತ್ರ ಮಾತಾಡ್ತೀರಲ್ಲ.”

“ತರಕಾರಿಯವ್ನ್ ಹತ್ರ ಮಾತಾಡುದ್ ಕೈಯಗೆ,” ಎಂದರು ಅಜ್ಜಿ, ಬೆರಳಿನಲ್ಲಿ ಲೆಕ್ಕ ತೋರಿಸಿ. ಆಮೇಲೆ ನನ್ನ ಕಡೆ ನೋಡಿ, “ಆಯ್ತ್. ಡಾಕ್ಟ್ರಮ್ಮ ಹೇಳದ್ ಮೇಲೆ ಮುಗೀತಲೆ,” ಎಂದು ಊಟ ಮುಂದುವರಿಸಿದರು. ನಾನು ಡಾಕ್ಟರ್ ಅಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ಅಜ್ಜಿ ‘ದಾದೀ’ ಆದರು. ಅವರದೊಂದು ಫೋಟೋ ಅಂಟಿಸಿ ಕಾರ್ಡು ಮಾಡಿದೆ. ಮಗು ಆ ಕಾರ್ಡು ನೋಡಿ ‘ದಾದೀ’ ಎನ್ನಲು ಬೇಗ ಕಲಿತಳು. ಕಾರ್ಡಿಗೆ ದಾದೀ ಎನ್ನುತ್ತಿದ್ದಳು. ಕುರ್ಚಿಯಲ್ಲಿ ಕುಳಿತ ಅಜ್ಜಿಗೆ ಏನೂ ಎನ್ನುತ್ತಿರಲಿಲ್ಲ.

ಅಜ್ಜಿ ಹಿಂದಿ ಕಲಿಯಲು ಒಪ್ಪಿದ್ದು ಅವರಾಗಿಯೇ. ನಾನು ಹೇಳಿದ್ದಕ್ಕಲ್ಲ. ಒಂದು ಶನಿವಾರ ನನ್ನ ಕೈಗೆ ಕ್ಯಾಲೆಂಡರಿನ ಹಳೆಯ ಹಾಳೆ ಕೊಟ್ಟು, “ದೊಡ್ಡಕ್ಷರದಲ್ಲಿ ಬರಿ,” ಎಂದರು. ಕನ್ನಡ ಅಕ್ಷರದಲ್ಲಿ ಮೂರು ವಾಕ್ಯ ಬರೆದುಕೊಟ್ಟೆ. ಖಾನಾ ಖಾಯಾ? ಪಾನೀ ಚಾಹಿಯೇ? ಇಧರ್ ಆಓ. ಉಂಡೆಯಾ, ನೀರು ಬೇಕಾ, ಇಲ್ಲಿ ಬಾ. ಮೊದಲನೆಯದನ್ನು ನಾನು ಬೇಕೆಂದೇ ಆರಿಸಿದ್ದೆ. ಅಜ್ಜಿ ಮಗುವಿಗೆ ದಿನಕ್ಕೆ ಹತ್ತು ಸಲ ‘ಉಂಡ್ಯಾ ಮಗಾ?’ ಎಂದು ಕೇಳುತ್ತಿದ್ದವರು. ಅದೇ ಪ್ರಶ್ನೆ ಹಿಂದಿಯಲ್ಲಿ ಬಂದರೆ ಸಾಕಲ್ಲ, ಏನು ಕಳೆದ ಹಾಗಾಯಿತು ಎಂದುಕೊಂಡಿದ್ದೆ. ಉತ್ತರವಾಗಿ ‘ಹಾಂ, ಖಾಯಾ. ಔರ್ ಆಪ್ನೇ?’ ಎಂದು ಮಗುವಿಗೆ ಕಲಿಸುತ್ತಿದ್ದೆ. ಹೌದು, ಉಂಡೆ. ನೀವು?

ಅಜ್ಜಿಯ ನಾಲಿಗೆಗೆ ಮಹಾಪ್ರಾಣ ಬರುತ್ತಿರಲಿಲ್ಲ. ‘ಖ’ ಬರೆದಿದ್ದರೂ ‘ಕ’ ಎಂದೇ ಓದುತ್ತಿದ್ದರು. ವಾರವಿಡೀ ಅಡುಗೆಮನೆಯಲ್ಲಿ ಅಭ್ಯಾಸ ಮಾಡಿದ್ದರಂತೆ. ಮರುವಾರ ನಾನು ಬಂದಾಗ ಪರೀಕ್ಷೆ. ಮಗು ನೆಲದ ಮೇಲೆ ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು, ಹಾಳೆ ಹಿಡಿದು, ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ ನೆಟ್ಟಗೆ ನಿಂತು ಕೇಳಿದರು.

“ಕಾನಾ ಕಾಯಾ?”

ಮಗು ತಲೆಯೆತ್ತಿತು. ಮುಚ್ಚಳ ಬಿಟ್ಟು ಎದ್ದಿತು. ಅಡುಗೆಮನೆಗೆ ಹೋಯಿತು. ಫ್ರಿಜ್ಜಿನ ಬಾಗಿಲಿನ ಸದ್ದು ಕೇಳಿಸಿತು. ವಾಪಸು ಬಂದಾಗ ಅವಳ ಎರಡೂ ಕೈಯಲ್ಲಿ ಅರ್ಧ ತೆಂಗಿನಕಾಯಿ ಇತ್ತು. ಅದನ್ನು ಅಜ್ಜಿಯ ಕೈಗೆ ಕೊಟ್ಟು, ಮುಖ ನೋಡುತ್ತ ನಿಂತಳು.

ನಮಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ಕಾಯಾ ಎಂದದ್ದು ಅವಳಿಗೆ ಕಾಯಿ ಎಂದು ಕೇಳಿಸಿತ್ತು.

“ಅಯ್ಯೋ ನನ್ ಬಂಗಾರವೇ, ಕಾಯಿ ಕೇಂಡದ್ದಲ್ಲ ಮಗಾ...” ಎಂದ ಅಜ್ಜಿ ಅಲ್ಲೇ ನಿಲ್ಲಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿದರು. ಕನ್ನಡ ಆಡಿಬಿಟ್ಟಿದ್ದರು.

ಅಕ್ಕ ನಕ್ಕೂ ನಕ್ಕೂ ಸೋಫಾದ ಮೇಲೆ ಕುಳಿತಳು. “ಅತ್ತೆ, ನಿಮ್ಮ ಹಿಂದಿಗೆ ಕಾಯಿ ಬಂತು. ಇನ್ನೊಂದು ಸಲ ಹೇಳಿ, ಬೆಲ್ಲನೂ ಬರ್ಲಿ.”

“ನಗಾಡ್ಬೇಡ. ನಿನ್ ತಂಗಿ ಬರ್ದದ್ದ್ ಓದದ್ದ್ ನಾನ್.”

ನಾನೂ ನಕ್ಕೆ. ನಕ್ಕು ಮುಗಿಸಿ ಪಾಠದ ಹಾಳೆ ತೆಗೆದು ಬರೆದೆ. ಆ ಹಾಳೆ ನನ್ನ ಹತ್ತಿರ ಈಗಲೂ ಇದೆ, ಇದನ್ನು ನೆನಪಿನಿಂದ ಹೇಳುತ್ತಿಲ್ಲ. ಪ್ರಶ್ನೆ: ಖಾನಾ ಖಾಯಾ. ಪ್ರತಿಕ್ರಿಯೆ: ತಪ್ಪು, ಸಂಬಂಧವಿಲ್ಲದ ವಸ್ತು ತಂದಳು. ಮುಂದೆ ತಪ್ಪು ಗುರುತು.

ಯಾರೋ ಏನೋ ಕೇಳುತ್ತಾರೆ. ಪರಿಚಯವಿಲ್ಲದ ಆ ಸದ್ದಿನಲ್ಲಿ ಮಗು ತನಗೆ ಗೊತ್ತಿರುವ ಮಾತನ್ನು ಹುಡುಕುತ್ತದೆ. ತಾನು ಮಾಡುತ್ತಿದ್ದುದನ್ನು ಬಿಟ್ಟು ಏಳುತ್ತದೆ, ಕೇಳಿದ್ದನ್ನು ತಂದು ಕೇಳಿದವರ ಕೈಗೇ ಕೊಡುತ್ತದೆ, ಸರಿಯಾಯಿತೇ ಎಂದು ಮುಖ ನೋಡುತ್ತದೆ. ಇಷ್ಟನ್ನು ಕಲಿಸಲು ನಾನು ವಾರಕ್ಕೆರಡು ದಿನ ರೈಲಿನಲ್ಲಿ ಓಡಾಡುತ್ತಿದ್ದೆ. ಅದು ನನ್ನ ಕಣ್ಣೆದುರು ಪೂರ್ತಿಯಾಗಿ ಆದಾಗ ತಪ್ಪು ಗುರುತು ಹಾಕಿದೆ. ಆಗ ನನಗೆ ಏನನ್ನಿಸಿತೆಂದು ಹುಡುಕಿದರೆ ಏನೂ ಸಿಗುವುದಿಲ್ಲ. ಬಹುಶಃ ಏನೂ ಅನ್ನಿಸಿರಲಿಲ್ಲ.

ಅಜ್ಜಿ ತಮ್ಮ ಕ್ಯಾಲೆಂಡರಿನ ಹಾಳೆಯನ್ನು ಮಡಚಿ ಹಾಸಿಗೆಯ ಕೆಳಗೆ ಇಟ್ಟರು. ಮುಂದೆ ಅಭ್ಯಾಸ ಮಾಡಲಿಲ್ಲ. ಯಾಕೆಂದು ಕೇಳಿದಾಗ, “ಎಂತಕೆ, ತಿರ್ಗಾ ಕಾಯಿ ತಕ ಬಂದ್ರೆ? ನೀ ತಪ್ಪ್ ಹಾಕುದ್ ಮಗುಗೆ, ನಂಗಲ್ಲ,” ಎಂದರು. ನಾನು ಬರೆದದ್ದನ್ನು ಅವರು ನೋಡಿದ್ದರು.

ಆಮೇಲಿನ ತಿಂಗಳುಗಳು ನನಗೆ ಒಂದೇ ದಿನದಂತೆ ನೆನಪಿವೆ. ಬಾಗಿಲು ತೆಗೆಯುತ್ತಿದ್ದವಳು ಅಕ್ಕ, ‘ಆಓ ಆಓ’ ಎನ್ನುತ್ತ. ಮಗು ಮೇಜಿನ ಎದುರು ಕೂರುತ್ತಿತ್ತು. ಕೇಂದ್ರದಲ್ಲಿದ್ದಂಥದೇ ಒಂದು ಬಾಬಿನ್ ನನ್ನ ಕೈಯಿಂದ ಅವಳ ಕೈಗೆ, ಅವಳ ಕೈಯಿಂದ ನನ್ನ ಕೈಗೆ. ಖಾನಾ ಖಾಯಾ? ಹಾಂ, ಖಾಯಾ. ಅಲ್ಲಿಗೆ ನಿಲ್ಲುತ್ತಿತ್ತು. ‘ಔರ್ ಆಪ್ನೇ’ ಬರಬೇಕಾದರೆ ನಾನು ಮೊದಲ ಅಕ್ಷರ ಎತ್ತಿಕೊಡಬೇಕಿತ್ತು. ಅಜ್ಜಿ ಬಾಲ್ಕನಿಯಲ್ಲಿ ಕುಳಿತಿರುತ್ತಿದ್ದರು. ಪಕ್ಕದ ಮನೆಯ ಗುಜರಾತಿ ಹೆಂಗಸು ತಮ್ಮ ಬಾಲ್ಕನಿಯಿಂದ ಏನಾದರೂ ಕೇಳಿದರೆ ಇವರು ತಲೆಯಾಡಿಸುತ್ತಿದ್ದರು. ನಾನು ಹತ್ತಿರ ಹೋದರೆ ದನಿ ತಗ್ಗಿಸಿ ಕನ್ನಡದಲ್ಲಿ ಒಂದೆರಡು ಮಾತು ಆಡುತ್ತಿದ್ದರು, ಮಗು ಒಳಗಿದೆಯೇ, ಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಂಡು. ತಮ್ಮ ಮನೆಯಲ್ಲೇ. ಆರು ತಿಂಗಳು ಕಳೆದವು. ಇನ್ನಷ್ಟು ದಿನ ಎಂದೆ. ಯಾರೂ ವಾದ ಮಾಡಲಿಲ್ಲ.

ಆ ಅವಧಿಯಲ್ಲಿ ಒಂದು ಶನಿವಾರ ನಡೆದದ್ದು, ಅಥವಾ ನಡೆಯಿತೆಂದು ನಾನು ಅಂದುಕೊಂಡಿರುವುದು, ಇದು. ಯಾವುದೋ ಕಾರಣಕ್ಕೆ ನಾನು ಎಂದಿಗಿಂತ ಬೇಗ ತಲುಪಿದ್ದೆ. ಬಾಗಿಲು ಅರೆ ತೆರೆದಿತ್ತು. ಚಪ್ಪಲಿ ಬಿಡುತ್ತಿದ್ದೆ. ಅಜ್ಜಿಯ ಕೋಣೆಯಿಂದ ದನಿ ಕೇಳಿಸಿತು.

“ಉಂಡ್ಯಾ ಮಗಾ?”

“ಉಂಡೆ. ನೀ ಉಂಡ್ಯಾ?”

ನಾನು ಒಂದು ಕಾಲಿನ ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡದೆ ನಿಂತಿದ್ದೆ. ಯಾರೂ ಎತ್ತಿಕೊಟ್ಟಿರಲಿಲ್ಲ. ಬಾಬಿನ್ ಇರಲಿಲ್ಲ. ತಿರುಗಿ ಕೇಳಿದ್ದಳು. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಬಂದು ನನ್ನನ್ನು ನೋಡಿದಳು. ನೋಡಿದವಳೇ ಬೇಕಾದ್ದಕ್ಕಿಂತ ಗಟ್ಟಿಯಾಗಿ, “ಅರೇ, ಇತನೀ ಜಲ್ದೀ ಆ ಗಯೀ!” ಎಂದಳು, ಇಷ್ಟು ಬೇಗ ಬಂದೆಯಾ ಎಂದು. ಕೋಣೆಯೊಳಗೆ ಸದ್ದು ನಿಂತಿತು. ನಾನು ಒಳಗೆ ಹೋದಾಗ ಅಜ್ಜಿ ಬಟ್ಟೆ ಮಡಚುತ್ತಿದ್ದರು, ಮಗು ಗೋಡೆಯ ಕಡೆ ತಿರುಗಿ ಕುಳಿತಿತ್ತು.

ಹೀಗೆ ನನಗೆ ನೆನಪು. ದಿನಚರಿಯಲ್ಲಿ ಇದು ಇಲ್ಲ. ಆ ತಿಂಗಳುಗಳ ಎಲ್ಲ ಶನಿವಾರಗಳನ್ನೂ ಓದಿದ್ದೇನೆ. ಬೇಗ ತಲುಪಿದೆನೆಂದು ಬರೆದಿರುವುದು ಒಂದೇ ಶನಿವಾರ. ಅಂದಿನ ಬರಹ ಎರಡು ಸಾಲು: ರೈಲು ಹೊತ್ತಿಗೆ ಮುಂಚೆ. ಪಾಠದಲ್ಲಿ ಒಂದು ಸಲ ತಾನಾಗಿ ‘ಔರ್ ಆಪ್ನೇ’ ಎಂದಳು, ಎತ್ತಿಕೊಡಲಿಲ್ಲ, ಮೊದಲ ಬಾರಿ. ಮುಂದೆ ಮೂರು ಸರಿ ಗುರುತು. ಸೋಮವಾರ ಕೇಂದ್ರದಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳಿದೆ. ಒಂದೇ ಭಾಷೆಯ ನಿಯಮ ಫಲ ಕೊಟ್ಟಿತೆಂದು ಮೇಡಮ್ ಅದನ್ನು ಬೇರೆ ತಾಯ್ತಂದೆಯರಿಗೂ ಹೇಳತೊಡಗಿದರು. ಎಷ್ಟು ಮನೆಗಳಿಗೆ ಹೇಳಿದರೋ ಗೊತ್ತಿಲ್ಲ. ನಾನೂ ಹೇಳಿದೆ. ತಮಿಳಿನವರಿಗೆ, ಸಿಂಧಿಯವರಿಗೆ, ಕಚ್ಛಿಯವರಿಗೆ.

ಕೋಣೆಯಲ್ಲಿ ಕೇಳಿದ್ದು ಮಗುವಿನ ದನಿಯೇ ಎಂಬುದೂ ನನಗೆ ಖಾತ್ರಿಯಿಲ್ಲ. ಅಜ್ಜಿ ಮಗುವಿನ ಪರವಾಗಿ ತಾವೇ ಉತ್ತರ ಹೇಳುವುದಿತ್ತು, ಸಣ್ಣ ದನಿ ಮಾಡಿ. ತೊಟ್ಟಿಲ ಮಗುವಿನೊಡನೆ ಎಲ್ಲರೂ ಮಾಡುವ ಹಾಗೆ. ಎರಡೂ ದನಿ ಅವರದೇ ಇದ್ದಿರಬಹುದು. ಹಾಗಿದ್ದರೆ ಅಕ್ಕ ಯಾಕೆ ಅಷ್ಟು ಗಟ್ಟಿಯಾಗಿ ಕೂಗಿದಳು?

ಅದಾಗಿ ಕೆಲವು ವಾರಕ್ಕೆ ಅಜ್ಜಿ ವಡೋದರಾದಲ್ಲಿದ್ದ ಮಗಳ ಮನೆಗೆ ಹೋದರು. ಎರಡು ತಿಂಗಳು ಇದ್ದು ಬರುತ್ತೇನೆಂದು ಹೋದವರು ಅಲ್ಲೇ ಉಳಿದರು. ಜಗಳವೇನೂ ಆಗಿರಲಿಲ್ಲ. ಅಲ್ಲಿ ಮೊಮ್ಮಕ್ಕಳು ಅಜ್ಜಿಯೊಡನೆ ಅರೆಬರೆ ಕನ್ನಡ ಆಡುತ್ತಿದ್ದರು, ಅಜ್ಜಿ ಬಾಯಿಬಿಟ್ಟು ಮಾತಾಡಬಹುದಿತ್ತು. ಹೊರಡುವ ದಿನ ಮಗುವಿಗೆ ಏನು ಹೇಳಿದರು ಎಂದು ಅಕ್ಕನನ್ನು ಫೋನಿನಲ್ಲಿ ಕೇಳಿದ್ದೆ. “ಏನೂ ಹೇಳ್ಲಿಲ್ಲ ಕಣೇ. ತಲೆ ಮುಟ್ಟಿದ್ರು. ಹೇಳೋದಕ್ಕೆ ಅವರ ಹತ್ರ ಏನಿತ್ತು?” ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟಿತ್ತೇ ಎಂದು ಆಗ ನನಗೆ ಹೊಳೆಯಲಿಲ್ಲ.

ಸೂರತ್‌ನಿಂದ ವಾಪಸಾಗುವಾಗ ಒಮ್ಮೆ ವಡೋದರಾದಲ್ಲಿ ಇಳಿದು ಅವರನ್ನು ನೋಡಿ ಮುಂದಿನ ರೈಲು ಹಿಡಿದೆ. ತೆಳ್ಳಗಾಗಿದ್ದರು. ನನಗೆ ಚಹಾ ಕೊಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಮದುವೆಯ ವಿಷಯ, ಅಹಮದಾಬಾದಿನಲ್ಲಿ ನಾನಿದ್ದ ಹಾಸ್ಟೆಲಿನ ಊಟದ ವಿಷಯ, ಹೀಗೆ ಒಂದೇ ಸಮನೆ ಮಾತಾಡಿದರು. ಅವರು ಅಷ್ಟು ಮಾತಾಡುವವರೆಂದು ಮರೆತೇ ಹೋಗಿತ್ತು. ಏಳುವಾಗ ನನ್ನ ಕೈ ಹಿಡಿದರು.

“ಅದ್ ನನ್ನ್ ಕೇಂತಾ?”

ಮಗು ನನ್ನ ಬಗ್ಗೆ ಕೇಳುತ್ತಾಳಾ ಎಂದು. ‘ಹೌದು ಅತ್ತೆ, ಕೇಳ್ತಾಳೆ’ ಎಂದು ನಾನು ಹೇಳಿದೆ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ದಿನಚರಿ ಬೇರೆ ಹೇಳುತ್ತದೆ: ‘ರೈಲಿಗೆ ಹೊತ್ತಾಯಿತೆಂದು ಹೊರಟೆ.’ ಈ ಒಂದು ವಿಷಯದಲ್ಲಿ ದಿನಚರಿಯನ್ನೇ ನಂಬುತ್ತೇನೆ. ನನಗೆ ಅನುಕೂಲವಾಗಿರುವುದು ನೆನಪು.

ಮರುವರ್ಷ ಅಜ್ಜಿ ವಡೋದರಾದಲ್ಲೇ ತೀರಿಕೊಂಡರು. ಎಲ್ಲರೂ ಹೋಗಿ ಬಂದ ಮೇಲೆ ಮಗುವಿಗೆ ತಿಳಿಸುವುದು ನನ್ನ ಪಾಲಿಗೆ ಬಂತು, ಮಕ್ಕಳ ವಿಷಯ ಓದಿದವಳೆಂದು. ಫೋಟೋದ ಕಾರ್ಡು ತೋರಿಸಿ ಸರಳ ವಾಕ್ಯದಲ್ಲಿ ‘ದಾದೀ ಮರ್ ಗಯೀ, ದಾದೀ ವಾಪಸ್ ನಹೀಂ ಆಯೇಗೀ’ ಎಂದೆ. ದಾದೀ ಸತ್ತುಹೋದರು, ತಿರುಗಿ ಬರುವುದಿಲ್ಲ. ಮಗು ಕಾರ್ಡು ನೋಡಿ ‘ದಾದೀ’ ಎಂದಳು. ಸರಿಯಾದ ಉತ್ತರ. ಬಾಬಿನ್ ತೆಗೆದುಕೊಂಡು ನನ್ನ ಕೈಗೆ ಕೊಟ್ಟಳು. ಅದನ್ನು ಹಿಡಿದುಕೊಂಡು ಕುಳಿತೆ. ನನ್ನ ಸರದಿ ಬಂದಿತ್ತು. ಅವಳು ಯಾರ ಸಾವಿನ ಸುದ್ದಿ ಕೇಳಿದಳು? ಕಾರ್ಡಿನಲ್ಲಿದ್ದ ದಾದೀಯದೇ, ಅಥವಾ ನೀರು ಕೊಡುತ್ತಿದ್ದ ಅಜ್ಜಿಯದೇ? ಅವೆರಡೂ ಒಬ್ಬರೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಈಗ ನಮ್ಮ ಕೆಲಸದಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಮನೆಯ ಭಾಷೆ ಬಿಡಬೇಡಿ, ಅಜ್ಜಿ ಯಾವ ಭಾಷೆಯಲ್ಲಿ ಮುದ್ದು ಮಾಡುತ್ತಾರೋ ಅದರಲ್ಲೇ ಮಾತಾಡಿಸಲಿ, ಎರಡು ಭಾಷೆಯಿಂದ ತೊಂದರೆಯಿಲ್ಲ ಎನ್ನುತ್ತೇವೆ. ನಾನೂ ಹೇಳುತ್ತೇನೆ, ಅದೇ ದನಿಯಲ್ಲಿ, ಅಷ್ಟೇ ಖಚಿತವಾಗಿ. ತಾಯಂದಿರು ತಲೆಯಾಡಿಸಿ ಬರೆದುಕೊಳ್ಳುತ್ತಾರೆ. ಅಕ್ಕನೂ ಹಾಗೇ ಬರೆದುಕೊಂಡಿದ್ದಳು.

ಅಕ್ಕನ ಮಗಳಿಗೆ ಈಗ ನನ್ನ ಆಗಿನ ವಯಸ್ಸು. ಹಿಂದಿಯಲ್ಲಿ ಚಿಕ್ಕ ಚಿಕ್ಕ ವಾಕ್ಯ ಆಡುತ್ತಾಳೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ತಿರುಗಿ ಕೇಳುವುದು ಅಪರೂಪ. ಮನೆಯಲ್ಲಿ ಕನ್ನಡ ಮತ್ತೆ ಶುರುವಾಗಲೇ ಇಲ್ಲ. ಭಾವ ಟಿವಿಯ ಮುಂದೆ ಒಬ್ಬರೇ ಇದ್ದಾಗ ಕನ್ನಡ ಚಾನೆಲ್ ಹಾಕಿಕೊಳ್ಳುತ್ತಾರೆ, ಅವಳು ಬಂದರೆ ಬದಲಾಯಿಸುತ್ತಾರೆ. ಬದಲಾಯಿಸಬೇಕಾಗಿಲ್ಲ ಭಾವ ಎಂದು ಎಷ್ಟೋ ಸಲ ಹೇಳಿದ್ದೇನೆ. ಅಭ್ಯಾಸವಾಗಿ ಹೋಗಿದೆ ಎನ್ನುತ್ತಾರೆ.

ಹೋದ ವರ್ಷ ಅಡಾಜಣ್‌ಗೆ ಹೋದಾಗ ಅಕ್ಕ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನಾನೂ ಒಂದು ಕಟ್ಟು ತೆಗೆದುಕೊಂಡು ಕುಳಿತೆ. ಇಪ್ಪತ್ತು ವರ್ಷ ಕೇಳದೆ ಇದ್ದದ್ದನ್ನು ಆಗ ಕೇಳಿದೆ. ಯಾಕೆ ಕೇಳಿದೆ ಎಂಬುದು ನನಗೆ ಸರಿಯಾಗಿ ಗೊತ್ತಿಲ್ಲ. ಅವಳು ಹೌದು ಎಂದರೆ, ನನ್ನ ಬೆನ್ನ ಹಿಂದೆ ಅಜ್ಜಿಗೂ ಮಗುವಿಗೂ ಒಂದು ಮಾತುಕತೆ ಇತ್ತು, ನನ್ನ ಮೂರು ಸರಿ ಗುರುತು ಅಜ್ಜಿಯದು, ನಾನು ಎಷ್ಟೋ ಮನೆಗಳಿಗೆ ಸುಳ್ಳು ಹೇಳಿದೆ. ಇಲ್ಲ ಎಂದರೆ, ನಾನು ಹೇಳಿದ ಹಾಗೇ ಅವರು ನಡೆದುಕೊಂಡರು, ಅಜ್ಜಿ ಬಾಯಿ ಮುಚ್ಚಿಕೊಂಡೇ ಆ ಮನೆಯಿಂದ ಹೋದರು. ಎರಡರಲ್ಲಿ ಯಾವುದು ಆಗಿದ್ದರೆ ಒಳ್ಳೆಯದಿತ್ತು ಎಂದು ಯೋಚಿಸಿ ಕೇಳಬೇಕಿತ್ತು. ಯೋಚಿಸಲಿಲ್ಲ.

ಅಕ್ಕ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. ದಂಟು ಒಂದು ಕಡೆ, ಎಲೆ ಒಂದು ಕಡೆ ಹಾಕುತ್ತ ಹೋದಳು. ಕಟ್ಟು ಮುಗಿದ ಮೇಲೆ ನನ್ನ ಮುಂದಿದ್ದ ಎಲೆಗಳನ್ನೂ ಬಾಚಿಕೊಂಡು ತೊಳೆಯಲು ಒಳಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಸುರಿಯುತ್ತಿತ್ತು. ಅವಳಿಗೆ ಕೇಳಿಸಿತ್ತು, ಅದರಲ್ಲಿ ಅನುಮಾನವಿಲ್ಲ. ನಾನು ಕೇಳಿದ ಮಾತುಗಳನ್ನು ಅಂದೇ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ, ಆದ್ದರಿಂದ ಇವಿಷ್ಟು ಸರಿಯಾಗಿರಬೇಕು:

“ಅಕ್ಕಾ, ನಾನಿಲ್ಲದಿದ್ದಾಗ ಅವರಿಬ್ಬರೂ ಕನ್ನಡದಲ್ಲಿ ಮಾತಾಡ್ತಿದ್ರಾ?”